ಭದ್ರೆಯ ನೀರೂ ಬಯಲುಸೀಮೆಯ ಬಿಸಿಲೂ

ನರಸಿಂಹರಾಜಪುರವೆಂಬ ಹೆಸರು ನೂರು ವರ್ಷಗಳಿಗಿಂತ ಸ್ವಲ್ಪವೇ ಹೆಚ್ಚು ವಯಸ್ಸುಳ್ಳದ್ದು. ೧೯೧೫ನೆಯ ಇಸವಿಯವರೆಗೆ ಈ ಊರಿಗೆ ಎಡೇಹಳ್ಳಿಯೆಂದು ಹೆಸರಿದ್ದಿತು. ಆಗ ಮೈಸೂರು ಸಂಸ್ಥಾನದ ಯುವರಾಜರಾಗಿದ್ದ ಶ್ರೀ ಕಂಠೀರವ ನರಸಿಂಹರಾಜ ಒಡೆಯರವರ ಗೌರವಾರ್ಥವಾಗಿ ಈಗಿನ ಹೆಸರು ಬಂದಿತು. ಇವೆರಡಕ್ಕಿಂತಲೂ ಹಳೆಯದಾದ ಮತ್ತೊಂದು ಹೆಸರುಂಟು, ಅದು ಸಿಂಹನಗದ್ದೆ. ಜ್ವಾಲಾಮಾಲಿನೀ ದೇವಿಯ ಬಸದಿಯೂ ಜೈನಮಠವೂ ಇರುವ ಆ ಸ್ಥಳವನ್ನು ಯಾತ್ರಿಕರು ಇಂದಿಗೂ ಅದೇ ಹೆಸರಿನಿಂದ ಕರೆಯುತ್ತಾರೆ. ಹಳ್ಳಿಯೆಂಬುದು ಜನವಸತಿಯನ್ನೂ, ಪುರವೆಂಬುದು ಪ್ರಭುತ್ವವನ್ನೂ ಸೂಚಿಸುವ ಮಾತುಗಳು. ಗದ್ದೆಯೆಂಬುದಾದರೋ ನೀರನ್ನು ಸೂಚಿಸುವುದು. ಹೊಲವೆಂದರೆ ಮಳೆಯನ್ನು ನಂಬಿದ ಖುಷ್ಕಿ ಭೂಮಿ. ಗದ್ದೆಯೆಂದರೆ ಬದು ಕಟ್ಟಿ, ಮಟ್ಟ ಮಾಡಿ, ನೀರನ್ನು ನಿಲ್ಲಿಸಿ ಬತ್ತವನ್ನು ಬೆಳೆಯುವ ತರಿ ಭೂಮಿ. ಮೂರು ಹೆಸರುಗಳಲ್ಲಿ ಅತ್ಯಂತ ಪ್ರಾಚೀನವಾದುದು ತರಿ ಭೂಮಿಯ ಹೆಸರಾಗಿರುವುದು ಗಮನಾರ್ಹವಾದ ಸಂಗತಿಯಾಗಿದೆ. ಏಕೆಂದರೆ ಈ ಪ್ರಾಂತದ ಈಚಿನ ಚರಿತ್ರೆಯೆಲ್ಲವೂ ನೀರು ಎಲ್ಲಿ ನಿಲ್ಲಬೇಕು, ಎಲ್ಲಿಗೆ ಹರಿಯಬೇಕು ಎಂಬ ಒಂದೇ ಪ್ರಶ್ನೆಯ ಸುತ್ತ ನಡೆದಿದೆ.

ನಮ್ಮ ಪೂರ್ವಿಕರು ಭೂಮಿಯನ್ನು ನೀರಿನ ಮೂಲದಿಂದಲೇ ವಿಭಾಗಿಸಿದ್ದರು. ಮಳೆಯ ನೀರಿನಿಂದ ಬೆಳೆಯಾಗುವ ದೇಶವು ದೇವಮಾತೃಕ. ನದಿಯ ನೀರಿನಿಂದ ಬೆಳೆಯಾಗುವ ದೇಶವು ನದೀಮಾತೃಕ. ಅಮರಸಿಂಹನ ಕೋಶದ ಭೂಮಿವರ್ಗದಲ್ಲಿ ಇವೆರಡೂ ಪದಗಳು ಜೊತೆಯಾಗಿ ಬಂದಿವೆ. ಮಹಾಭಾರತದ ಸಭಾಪರ್ವದಲ್ಲಿ ನಾರದರು ಧರ್ಮರಾಜನಿಗೆ ಕೇಳುವ ರಾಜನೀತಿಯ ಪ್ರಶ್ನೆಗಳಲ್ಲಿ ಒಂದು, ರಾಜ್ಯದ ಕೆರೆಗಳು ತುಂಬಿವೆಯೇ, ಕೃಷಿಯು ಕೇವಲ ಮಳೆಯನ್ನೇ ನಂಬಿಕೊಂಡಿಲ್ಲವಷ್ಟೆ, ಎಂಬುದು. ಭಾರವಿಯ ಕಿರಾತಾರ್ಜುನೀಯದ ಪ್ರಥಮ ಸರ್ಗದಲ್ಲಿ ವನೇಚರನು ದುರ್ಯೋಧನನ ಆಡಳಿತವನ್ನು ವರ್ಣಿಸುವಾಗ ಕುರುದೇಶವು ಅದೇವಮಾತೃಕವಾಗಿ ಬೆಳಗುತ್ತಿದೆಯೆಂದು ಹೇಳುತ್ತಾನೆ. ಶತ್ರುವಿನ ಗುಣವನ್ನು ಒಪ್ಪಿಕೊಳ್ಳಬೇಕಾಗಿ ಬಂದಾಗಲೂ ಕವಿಗೆ ಹೊಳೆದ ಮೊದಲ ಗುಣಗಳಲ್ಲಿ ನೀರಾವರಿಯೂ ಒಂದು! ಮಳೆಯನ್ನು ನಂಬದೆ ಬೆಳೆಯುವ ಭೂಮಿಯೇ ಶ್ರೇಷ್ಠವೆಂಬ ಅಭಿಪ್ರಾಯವು ಆ ಕಾಲಕ್ಕೇ ಸ್ಥಿರಪಟ್ಟಿತ್ತೆಂಬುದರಲ್ಲಿ ಸಂದೇಹವಿಲ್ಲ.

ಮೈಸೂರಿನ ಪಂಡಿತ ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಶ್ರೇಷ್ಠತೆಗೆ ಬೆಲೆಯನ್ನೂ ಕಟ್ಟಲಾಗಿದೆ. ಕೈಯಿಂದ ನೀರೆತ್ತಿ ಬೆಳೆದವನು ಬೆಳೆಯಲ್ಲಿ ಐದರಲ್ಲೊಂದು ಪಾಲನ್ನೂ, ಹೆಗಲಿನಿಂದ ಎತ್ತಿದವನು ನಾಲ್ಕರಲ್ಲೊಂದು ಪಾಲನ್ನೂ, ಯಂತ್ರದಿಂದ ಪ್ರವಾಹವಾಗಿ ಹಾಯಿಸಿದವನು ಮೂರರಲ್ಲೊಂದು ಪಾಲನ್ನೂ ಉದಕಭಾಗವಾಗಿ ಕೊಡತಕ್ಕದ್ದೆಂದು ಅಲ್ಲಿ ವಿಧಿಸಿದೆ. ಶ್ರಮವು ಕಡಮೆಯಾದಂತೆ ತೆರಿಗೆಯು ಹೆಚ್ಚುತ್ತದೆ. ಮೂರರಲ್ಲೊಂದು ಪಾಲನ್ನು ಕೊಟ್ಟ ಮೇಲೂ ರೈತನಿಗೆ ಲಾಭವುಳಿಯಬೇಕಾದರೆ ಆ ಭೂಮಿಯ ಫಲವೆಷ್ಟಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಮಲೆನಾಡಿನ ಸ್ಥಿತಿಯು ಈ ಎರಡು ವಿಭಾಗಗಳಲ್ಲಿ ಯಾವುದಕ್ಕೂ ಪೂರ್ಣವಾಗಿ ಸೇರುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಮಳೆಯೇ ನದಿಯಾಗಿ ಹರಿಯುತ್ತದೆ. ತುಂಗಾ ಭದ್ರಾ ನದಿಗಳೆರಡೂ ಗಂಗಾಮೂಲದ ಒಂದೇ ಬೆಟ್ಟದಲ್ಲಿ ಹುಟ್ಟಿ, ತುಂಗೆಯು ಶೃಂಗೇರಿಯ ಕಡೆಗೂ, ಭದ್ರೆಯು ಕಳಸ ಬಾಳೆಹೊನ್ನೂರುಗಳ ಕಡೆಗೂ ತಿರುಗಿ, ಶಿವಮೊಗ್ಗೆಯ ಕೂಡಲಿಯಲ್ಲಿ ಮತ್ತೆ ಸೇರುತ್ತವೆ. ಇಲ್ಲಿನ ರೈತನಿಗೆ ನೀರಿನ ಬರವೆಂಬುದು ವರ್ಷದ ಏಳೆಂಟು ತಿಂಗಳು ಅರಿಯದ ಮಾತು. ಗುಡ್ಡಗಳ ನಡುವಣ ಕಣಿವೆಯಲ್ಲಿ ಮೆಟ್ಟಲು ಮೆಟ್ಟಲಾಗಿ ಗದ್ದೆಗಳನ್ನು ಮಾಡಿ, ಹಳ್ಳಕ್ಕೆ ಮಣ್ಣುಸೊಪ್ಪುಗಳ ಕಟ್ಟ ಹಾಕಿ, ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರನ್ನು ಇಳಿಸುವ ಕ್ರಮವು ಬಹು ಪುರಾತನವಾದುದು. ತಗ್ಗಿನ ಬೈಲುಗದ್ದೆಯಲ್ಲಿ ನೀರು ಬತ್ತುವುದಿಲ್ಲ. ಮೇಲಿನ ಮಕ್ಕಿಗದ್ದೆಯು ಮಳೆ ನಿಂತ ಕೂಡಲೇ ಒಣಗುತ್ತದೆ. ಒಂದೇ ಕಣಿವೆಯಲ್ಲಿ ನಾಲ್ಕು ಮಾರು ಎತ್ತರದ ವ್ಯತ್ಯಾಸದಿಂದ ಭೂಮಿಯ ಬೆಲೆಯು ಬದಲಾಗುತ್ತದೆ.

ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತಂದವನು ಕೆಳದಿಯ ಶಿವಪ್ಪನಾಯಕ. ೧೬೪೫ರಿಂದ ೧೬೬೦ರವರೆಗೆ ಆಳಿದ ಆತನ ಕಂದಾಯ ವ್ಯವಸ್ಥೆಯು ಶಿವಪ್ಪನಾಯಕನ ಶಿಸ್ತೆಂದು ಪ್ರಸಿದ್ಧವಾಗಿದೆ. ಪ್ರತಿ ತರಗತಿಯ ಭೂಮಿಯಿಂದಲೂ ಮಾದರಿಗಳನ್ನು ಆರಿಸಿ, ಅವನ್ನು ಹನ್ನೆರಡು ವರ್ಷಗಳ ಕಾಲ ಸರ್ಕಾರದ ಖರ್ಚಿನಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ಬಂದ ಬೆಳೆಯೆಷ್ಟು, ಪೇಟೆಯ ಧಾರಣೆಯೆಷ್ಟು ಎಂಬುದನ್ನು ಬರೆಯಿಸಿ, ಸರಾಸರಿಯ ಮೂರರಲ್ಲೊಂದು ಭಾಗವನ್ನು ಕಂದಾಯವಾಗಿ ಗೊತ್ತುಮಾಡಿದನೆಂದು ತಿಳಿದುಬರುತ್ತದೆ. ಅಡಕೆ ತೋಟಗಳಿಗೆ ಸಾವಿರ ಮರಗಳ ಲೆಕ್ಕದಲ್ಲಿ ದರವಿದ್ದಿತು. ಹನ್ನೆರಡು ವರ್ಷಗಳು ಕಾದು ನೋಡಿ ತೆರಿಗೆಯನ್ನು ಹಾಕಿದ ಪ್ರಭುತ್ವಗಳು ಲೋಕದಲ್ಲಿ ಹೆಚ್ಚಾಗಿರಲಾರವು. ಕೌಟಿಲ್ಯನ ಮೂರರಲ್ಲೊಂದು ಇಲ್ಲಿಯೂ ಮೂರರಲ್ಲೊಂದಾಗಿಯೇ ನಿಂತಿರುವುದು ಕಾಕತಾಳೀಯವೇ ಇರಬಹುದು, ಆದರೂ ಸೋಜಿಗವಾದುದು.

ಇಷ್ಟೊಂದು ನೀರಿದ್ದೂ ಮಲೆನಾಡಿನ ಗದ್ದೆಯು ವರ್ಷಕ್ಕೆ ಒಂದೇ ಬೆಳೆಯನ್ನು ಕೊಡುತ್ತ ಬಂದುದಕ್ಕೆ ಕಾರಣವೇನು? ಇದು ಜನರ ಆಲಸ್ಯವೆಂದು ಬಯಲುಸೀಮೆಯವರು ಹಿಂದೆ ಹಾಸ್ಯ ಮಾಡುತ್ತಿದ್ದುದುಂಟು. ಆ ಮಾತು ಸರಿಯಲ್ಲ. ಕಾರಣವು ಆಕಾಶದಲ್ಲಿದೆ. ಬತ್ತದ ಗಿಡವು ತೆನೆಗೆ ತುಂಬುವ ಹಿಟ್ಟಿನ ಬಹುಭಾಗವನ್ನು ಹೂವಾದ ಮುಂಚಿನ ಹಾಗೂ ನಂತರದ ಕೆಲವು ವಾರಗಳ ಬಿಸಿಲಿನಿಂದ ಸಂಪಾದಿಸುತ್ತದೆ. ಆ ವಾರಗಳಲ್ಲಿ ಮೋಡ ಮುಚ್ಚಿದ್ದರೆ ನೀರೂ ಗೊಬ್ಬರವೂ ಇದ್ದು ಪ್ರಯೋಜನವಿಲ್ಲ, ಕಾಳು ಜೊಳ್ಳಾಗುತ್ತದೆ. ಮಲೆನಾಡಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಸೂರ್ಯದರ್ಶನವೇ ಅಪರೂಪ. ಮಳೆ ಬಿಟ್ಟ ಮೇಲೆ ರಾತ್ರಿಯ ಚಳಿಯೂ ಇಬ್ಬನಿಯೂ ಆರಂಭವಾಗುತ್ತವೆ. ಹೂ ಬಿಡುವ ಕಾಲದಲ್ಲಿ ಶೈತ್ಯವು ಮಿತಿಮೀರಿದರೆ ಪರಾಗವು ಕೆಡುತ್ತದೆ. ಎಲೆಗಳ ಮೇಲೆ ನಿಂತ ಇಬ್ಬನಿಯು ಬೆಂಕಿರೋಗಕ್ಕೆ ಅನುಕೂಲವಾಗುತ್ತದೆ. ಆದಕಾರಣ ಇಲ್ಲಿನ ರೈತರು ಐದಾರು ತಿಂಗಳ ದೀರ್ಘಾವಧಿಯ ತಳಿಗಳನ್ನೇ ಆಯ್ದುಕೊಂಡು, ಜುಲೈ ಆಗಸ್ಟುಗಳಲ್ಲಿ ನಾಟಿ ಮಾಡಿ, ಡಿಸೆಂಬರಿನ ವೇಳೆಗೆ ಕೊಯ್ಯುತ್ತಿದ್ದರು. ಈಚಿನ ಕಾಲದಲ್ಲಿ ಮಲೆನಾಡಿನ ಮನೆಮಾತಾದ ಇಂಟಾನ್ ಬತ್ತವೂ ದೀರ್ಘಾವಧಿಯದೇ, ಬೆಂಕಿರೋಗವನ್ನು ತಾಳತಕ್ಕದ್ದೇ ಆಗಿದೆ.

ಮಣ್ಣಿನ ವಿಷಯವೂ ಹೀಗೆಯೇ. ಸಾವಿರಾರು ವರ್ಷಗಳ ಮಳೆಯು ಮಲೆನಾಡಿನ ಮಣ್ಣಿನ ಸುಣ್ಣವನ್ನೂ ಇತರ ಸಾರಗಳನ್ನೂ ತೊಳೆದುಬಿಟ್ಟು, ಕೆಂಪಾದ ಕಬ್ಬಿಣದ ಅಂಶವನ್ನೂ ಹುಳಿಯನ್ನೂ ಉಳಿಸಿದೆ. ಇಲ್ಲಿ ಗದ್ದೆಯ ಮಹತ್ವವು ವಿಶೇಷವಾಗಿ ತೋರುತ್ತದೆ. ಹುಳಿಮಣ್ಣಿನ ಮೇಲೆ ಕೆಲವು ವಾರಗಳ ಕಾಲ ನೀರು ನಿಂತರೆ ಹುಳಿಯು ತಾನಾಗಿಯೇ ಇಳಿದು, ಮಣ್ಣಿನಲ್ಲಿ ಬಂಧಿತವಾಗಿದ್ದ ರಂಜಕವು ಗಿಡಕ್ಕೆ ದೊರೆಯುವಂತಾಗುತ್ತದೆ. ನಿಂತ ನೀರಿನ ಪಾಚಿಯು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದುಕೊಡುತ್ತದೆ. ಕಳೆಯು ಮುಳುಗಿ ಸಾಯುತ್ತದೆ. ಅದೇ ಗುಡ್ಡದ ಖುಷ್ಕಿ ಭೂಮಿಯು ನಾಲ್ಕೈದು ವರ್ಷಗಳಲ್ಲಿ ಬಂಜರಾದರೆ, ಅದರ ಬುಡದ ಗದ್ದೆಯು ಬೆಟ್ಟದ ಸೊಪ್ಪಿನ ಗೊಬ್ಬರದಿಂದಲೇ ತಲೆತಲಾಂತರವಾಗಿ ಫಲ ಕೊಟ್ಟುದರ ರಹಸ್ಯವಿದು. ಗದ್ದೆಯು ಬಡ ಮಣ್ಣನ್ನು ಕಾಪಾಡುವ ಉಪಾಯ. ಆದರೆ ಬಡ ಬಿಸಿಲನ್ನು ತುಂಬಿಕೊಡುವ ಉಪಾಯವು ಅದರಲ್ಲಿಲ್ಲ.

ಈಗ ಬಯಲುಸೀಮೆಯನ್ನು ನೋಡಬೇಕು. ದಾವಣಗೆರೆಗೂ ನರಸಿಂಹರಾಜಪುರಕ್ಕೂ ಸಮುದ್ರಮಟ್ಟದಿಂದ ಎತ್ತರದಲ್ಲಿ ಅಷ್ಟೇನೂ ಅಂತರವಿಲ್ಲ. ಅಂತರವಿರುವುದು ಮಳೆಯಲ್ಲಿ. ದಾವಣಗೆರೆಯ ಕಡೆ ವರ್ಷಕ್ಕೆ ಸುಮಾರು ೨೫ ಅಂಗುಲ ಮಳೆ, ಅದೂ ನಂಬತಕ್ಕದ್ದಲ್ಲ. ಆದರೆ ಆಕಾಶವು ತೆರವಾಗಿದೆ, ಚಳಿಗಾಲವು ಸೌಮ್ಯವಾಗಿದೆ, ಮಣ್ಣಿನ ಸಾರವು ತೊಳೆದುಹೋಗಿಲ್ಲ. ಅಲ್ಲಿ ಇಲ್ಲದಿದ್ದುದು ನೀರೊಂದೇ. ಆ ನೀರನ್ನು ಕೊಟ್ಟರೆ ನಾಲ್ಕು ತಿಂಗಳ ಬೆಳೆಯೊಂದು ಮಳೆಗಾಲದಲ್ಲಿಯೂ, ಮತ್ತೊಂದು ಜನವರಿಯಿಂದ ಮೇ ತಿಂಗಳವರೆಗೆ ಬೇಸಗೆಯಲ್ಲಿಯೂ ಆಗುತ್ತದೆ. ಬೇಸಗೆಯ ಬೆಳೆಗೆ ಬಿಸಿಲು ಪೂರ್ಣವಾಗಿ ದೊರೆಯುವುದರಿಂದ ಎಕರೆಯ ಇಳುವರಿಯು ಮಳೆಗಾಲದ ಬೆಳೆಗಿಂತ ಹೆಚ್ಚಾಗುವುದು ಲೋಕದ ಬತ್ತದ ದೇಶಗಳಲ್ಲೆಲ್ಲ ಕಂಡ ವಿಷಯ. ಒಣ ಹವೆಯಲ್ಲಿ ಕೊಯ್ಲೂ ಒಕ್ಕಣೆಯೂ ಕೆಡುವುದಿಲ್ಲ. ಮಿಸರ ದೇಶವು ನೈಲ್ ನದಿಯೊಂದನ್ನೇ ನಂಬಿ ಸಾವಿರಾರು ವರ್ಷ ಬಾಳಿದುದು ಈ ಕಾರಣದಿಂದಲೇ. ಅಲ್ಲಿ ಮಳೆಯು ಇಲ್ಲವೆಂದೇ ಹೇಳಬಹುದು, ಬಿಸಿಲಿಗೆ ಮಾತ್ರ ಕೊರತೆಯಿಲ್ಲ.

ಈ ಎರಡನ್ನೂ, ಎಂದರೆ ಮಲೆನಾಡಿನ ನೀರನ್ನೂ ಬಯಲುಸೀಮೆಯ ಬಿಸಿಲನ್ನೂ, ಕೂಡಿಸಿದ ಕಾರ್ಯವೇ ಭದ್ರಾ ಜಲಾಶಯ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಬಳಿ ೧೯೪೭ರಲ್ಲಿ ಆರಂಭವಾದ ಕೆಲಸವು ೧೯೬೫ರ ವೇಳೆಗೆ ಮುಗಿಯಿತು. ಅಣೆಕಟ್ಟಿನ ಎತ್ತರ ಸುಮಾರು ೧೯೪ ಅಡಿ. ನೀರಿನ ಪೂರ್ಣಮಟ್ಟ ೧೮೬ ಅಡಿ. ಸಂಗ್ರಹ ಸುಮಾರು ೭೧.೫ ಟಿ.ಎಂ.ಸಿ. ಎಡದಂಡೆ ಬಲದಂಡೆಗಳ ಕಾಲುವೆಗಳಿಂದ ಎರಡೂವರೆ ಲಕ್ಷ ಎಕರೆಗೂ ಮೀರಿದ ಅಚ್ಚುಕಟ್ಟು ಏರ್ಪಟ್ಟಿತು. ಭದ್ರಾವತಿ, ಚನ್ನಗಿರಿ, ದಾವಣಗೆರೆ, ಹರಿಹರಗಳ ಹೊಲಗಳು ಗದ್ದೆಗಳಾದವು. ಮಲೇಬೆನ್ನೂರಿನ ಕಡೆ ರಾಗಿ ಜೋಳಗಳನ್ನುಂಡವರ ಮಕ್ಕಳು ಬತ್ತದ ವ್ಯಾಪಾರಿಗಳಾದರು. ಕಾಲುವೆಯ ಜೊತೆಗೆ ಕಾಲವೂ ಅನುಕೂಲವಾಯಿತು. ಹಳೆಯ ತಳಿಗಳಲ್ಲಿ ಬಹುತೇಕವು ಹಗಲು ಕಿರಿದಾಗುವುದನ್ನು ಕಾದು ಹೂ ಬಿಡತಕ್ಕವುಗಳಾದುದರಿಂದ ಅವನ್ನು ಬೇಸಗೆಯಲ್ಲಿ ಬೆಳೆಯುವುದು ಕಷ್ಟವಾಗಿದ್ದಿತು. ಅಣೆಕಟ್ಟು ಮುಗಿದ ಮರುವರ್ಷವೇ, ೧೯೬೬ರಲ್ಲಿ, ಫಿಲಿಪೈನ್ಸ್ ದೇಶದ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಿಂದ ಐ.ಆರ್.೮ ಎಂಬ ಗಿಡ್ಡ ತಳಿಯು ಹೊರಬಂದಿತು. ಹಗಲಿನ ಉದ್ದವನ್ನು ಲೆಕ್ಕಿಸದ ಆ ತಳಿಯೂ ಅದರ ಸಂತತಿಯೂ ಬಾರದೆ ಹೋಗಿದ್ದರೆ ಬೇಸಗೆಯ ನೀರಿನ ಪ್ರಯೋಜನವು ಅರ್ಧವೂ ಆಗುತ್ತಿರಲಿಲ್ಲ.

ಆದರೆ ಜಲಾಶಯದ ನೀರು ನಿಂತದ್ದೆಲ್ಲಿ? ಭದ್ರೆಯ ಕಣಿವೆಯು ಲಕ್ಕವಳ್ಳಿಯಿಂದ ಮೇಲಕ್ಕೆ ನರಸಿಂಹರಾಜಪುರದ ಅಂಚಿನವರೆಗೆ ಹಿನ್ನೀರಾಯಿತು. ಗುಡ್ಡಗಳು ಮುಳುಗಲಿಲ್ಲ, ಮುಳುಗಿದುದು ತಗ್ಗು. ತಗ್ಗೆಂದರೆ ಬೈಲುಗದ್ದೆ, ಶಿವಪ್ಪನಾಯಕನ ಲೆಕ್ಕದಲ್ಲಿ ಮೇಲಿನ ತರಗತಿಗೆ ಸೇರತಕ್ಕ ಭೂಮಿ. ಗುಡ್ಡವನ್ನು ಉಳಿಸಿ ಗದ್ದೆಯನ್ನು ಮಾತ್ರ ಆಯ್ದು ಮುಳುಗಿಸುವುದು ಎಲ್ಲ ಜಲಾಶಯಗಳ ಸ್ವಭಾವ. ಸೊಪ್ಪಿನ ಬೆಟ್ಟವು ಉಳಿದರೂ ಸೊಪ್ಪು ಹಾಕುವ ಗದ್ದೆಯಿಲ್ಲದ ಮೇಲೆ ಬೆಟ್ಟದಿಂದೇನು? ಬಯಲುಸೀಮೆಯ ಎರಡೂವರೆ ಲಕ್ಷ ಎಕರೆಯ ಲಾಭವನ್ನು ಎಣಿಸುವವರು ಈ ಬೈಲುಗದ್ದೆಗಳನ್ನೂ ಕಳೆಯುವ ಕಡೆಯಲ್ಲಿ ಬರೆದುಕೊಳ್ಳುವುದು ನ್ಯಾಯ. ಗಣಿತದಲ್ಲಿ ಲಾಭವೇ ಬಹುಪಾಲು ದೊಡ್ಡದೆಂಬುದನ್ನು ಒಪ್ಪಲೇಬೇಕು. ಒಂದು ಬೆಳೆಯ ಭೂಮಿಗೆ ಬದಲಾಗಿ ಅದಕ್ಕಿಂತ ಎಷ್ಟೋ ಪಾಲು ವಿಸ್ತಾರವಾದ ಎರಡು ಬೆಳೆಯ ಭೂಮಿಯು ದೊರೆತಿದೆ. ಆದರೆ ಕಳೆದುಕೊಂಡವರೂ ಪಡೆದುಕೊಂಡವರೂ ಒಬ್ಬರೇ ಅಲ್ಲ.

ಈ ನಷ್ಟವು ಬಂದ ಕಾಲವನ್ನೂ ಗಮನಿಸಬೇಕು. ಅದಕ್ಕೆ ಹಿಂದಿನ ಅರ್ಧ ಶತಮಾನದಲ್ಲಿ ಮಲೆನಾಡು ಮಲೇರಿಯಾ ಜ್ವರದಿಂದ ಬಹಳವಾಗಿ ಬಳಲಿದ್ದಿತು. ಗುಡ್ಡದ ತಿಳಿಯಾದ ಝರಿಗಳಲ್ಲಿ ಮರಿ ಹಾಕುವ ಸೊಳ್ಳೆಯೇ ಈ ಪ್ರಾಂತದ ಜ್ವರಕ್ಕೆ ಮುಖ್ಯ ಕಾರಣ. ಮನೆಗಳು ಹಾಳು ಬಿದ್ದು, ಗದ್ದೆಗಳು ಗೇಯುವವರಿಲ್ಲದೆ ಬೀಳಾಗುತ್ತಿದ್ದುವು. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ (೧೯೧೨–೧೯೧೮) ಮಲೆನಾಡಿನ ಸುಧಾರಣೆಗಾಗಿ ಪ್ರತ್ಯೇಕವಾದ ಪ್ರಯತ್ನವು ನಡೆಯಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡು ಅಡಿ ಅಗಲದ ಕಿರುಹಳಿಯ ಗಾಡಿಯೂ ಓಡಾಡಿತು. ಈಗ ಅದು ಇಲ್ಲ. ಸಂಸ್ಥಾನದ ಸರ್ಕಾರವು ೧೯೨೦ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಪರಿಶೀಲನೆಯ ಕೇಂದ್ರಗಳನ್ನು ಸ್ಥಾಪಿಸಿದಾಗ ಒಂದನ್ನು ಮಲೆನಾಡಿನ ಮೂಡಿಗೆರೆಯಲ್ಲಿಯೂ, ಮತ್ತೊಂದನ್ನು ಒಣಸೀಮೆಯ ಹಿರಿಯೂರಿನಲ್ಲಿಯೂ ಇರಿಸಿತು. ಹಿರಿಯೂರಿನ ಬಳಿಯಲ್ಲಿ ಮಾರಿಕಣಿವೆಯ ಕಟ್ಟೆಯು ೧೯೦೭ರಲ್ಲಿ ಮುಗಿದಿದ್ದಿತು. ನೀರಾವರಿಯೂ ಜ್ವರವೂ ಜೊತೆಯಾಗಿ ಬರುತ್ತವೆಂಬುದು ಆಗಲೇ ವೈದ್ಯರಿಗೆ ತಿಳಿದಿದ್ದಿತು. ಕನ್ನಂಬಾಡಿಯ ಕಾಲುವೆಯು ೧೯೩೦ರ ದಶಕದಲ್ಲಿ ಮಂಡ್ಯದ ಹಳ್ಳಿಗಳಿಗೆ ಬಂದಾಗ ಅದು ಮತ್ತೆ ಪ್ರತ್ಯಕ್ಷವಾಯಿತು. ಎರಡನೆಯ ಮಹಾಯುದ್ಧದ ನಂತರ ಡಿ.ಡಿ.ಟಿ. ಬಂದು ಎರಡು ಸೀಮೆಗಳನ್ನೂ ಈ ಪೀಡೆಯಿಂದ ಬಹುಮಟ್ಟಿಗೆ ಬಿಡಿಸಿತು. ಹೀಗೆ, ಜ್ವರವು ಬಿಟ್ಟು ಗದ್ದೆಗಳಿಗೆ ಜನ ಮರಳುವ ಹೊತ್ತಿಗೆ ಸರಿಯಾಗಿ ಭದ್ರೆಯ ದಡದ ಗದ್ದೆಗಳು ನೀರಿನಡಿಗೆ ಹೋದವು.

ಉಷ್ಣದೇಶದ ನೀರಾವರಿಯಲ್ಲಿ ದೋಷವೇ ಇಲ್ಲವೆಂದು ಭಾವಿಸಬಾರದು. ಬಿಸಿಲು ಬೆಳೆಯನ್ನು ಬೆಳೆಸುವಂತೆಯೇ ನೀರನ್ನು ಆವಿ ಮಾಡಿ ಉಪ್ಪನ್ನು ಮೇಲಕ್ಕೆ ಎಳೆಯುತ್ತದೆ. ಪುರಾತನ ಸುಮೇರ್ ದೇಶದಲ್ಲಿ ಗೋಧಿಯ ಸ್ಥಾನವನ್ನು ಉಪ್ಪನ್ನು ತಾಳುವ ಜವೆಗೋಧಿಯು ಆಕ್ರಮಿಸಿದುದನ್ನು ಚರಿತ್ರೆಕಾರರು ಹೇಳುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ೧೯೫೩ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಅಚ್ಚುಕಟ್ಟಿನಲ್ಲಿ ಗಂಗಾವತಿಯ ಸುತ್ತಮುತ್ತ ಸವುಳಾದ ಭೂಮಿಯನ್ನು ಯಾರಾದರೂ ನೋಡಬಹುದು. ಭದ್ರಾ ಅಚ್ಚುಕಟ್ಟಿನಲ್ಲಿ ಅರೆಖುಷ್ಕಿ ಬೆಳೆಗಳಿಗೆಂದು ಗೊತ್ತುಮಾಡಿದ ಭೂಮಿಗೂ ಬತ್ತವು ವ್ಯಾಪಿಸಿ, ಮೇಲಿನವರು ನೀರನ್ನು ತಡೆದು, ಕಾಲುವೆಯ ಕೊನೆಯ ರೈತರು ಬರಿಯ ಕಾಲುವೆಯನ್ನು ನೋಡುವಂತಾದುದು ಪ್ರತಿ ಬೇಸಗೆಯ ಕಥೆ. ಇನ್ನು ಉಷ್ಣವೂ ಮಿತಿಮೀರಬಾರದು. ಫಿಲಿಪೈನ್ಸಿನ ಆ ಸಂಸ್ಥೆಯಲ್ಲಿ ೧೯೯೨ರಿಂದ ೨೦೦೩ರವರೆಗಿನ ಬೆಳೆಗಳನ್ನು ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ರಾತ್ರಿಯ ಉಷ್ಣತೆಯು ಒಂದು ಡಿಗ್ರಿ ಏರಿದರೆ ಬೇಸಗೆಯ ಬತ್ತದ ಇಳುವರಿಯು ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ಬಿಸಿಲು ಬೇಕು, ಬೇಗೆ ಬೇಡ.

ಸಾಮಾಜಿಕ ಫಲವು ಇನ್ನೂ ವಿಚಿತ್ರವಾದುದು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು ಮಂಡ್ಯದ ಬಳಿಯ ಎರಡು ಹಳ್ಳಿಗಳನ್ನು ಪರಿಶೀಲಿಸಿ ೧೯೬೨ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಒಂದಕ್ಕೆ ಕಾಲುವೆಯ ನೀರು ಬಂದಿತ್ತು. ಎತ್ತರದಲ್ಲಿದ್ದ ಮತ್ತೊಂದಕ್ಕೆ ಬಂದಿರಲಿಲ್ಲ. ನೀರು ಬಂದ ಊರಿನವರು ಕಬ್ಬು ಬೆಳೆದು ಹಣವಂತರಾಗಿಯೂ ಹಳೆಯ ಬಾಳನ್ನೇ ಮುಂದುವರಿಸಿದರು. ನೀರು ಬಾರದ ಊರಿನವರು ಉದ್ಯೋಗ ವ್ಯಾಪಾರಗಳನ್ನು ಹುಡುಕಿಕೊಂಡು ಹೊರಗೆ ಹೋಗಿ ಬಹುವಿಧವಾಗಿ ಬದಲಾದರು. ಸುಖವಿದ್ದಲ್ಲಿ ಮನುಷ್ಯನು ಕದಲನು.

ಕದಲಬೇಕಾಗಿ ಬಂದವರ ಪ್ರಸಂಗವೊಂದು ಭದ್ರೆಯ ತೀರದಲ್ಲಿಯೇ ಇದೆ. ಹಿನ್ನೀರಿನ ಪೂರ್ವಕ್ಕಿರುವ ಅರಣ್ಯವು ೧೯೫೧ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿ, ೧೯೭೪ರಲ್ಲಿ ಭದ್ರಾ ಅಭಯಾರಣ್ಯವಾಗಿ, ೧೯೯೮ರಲ್ಲಿ ಹುಲಿಗಳ ರಕ್ಷಿತ ಪ್ರದೇಶವಾಯಿತು. ಅದರೊಳಗೆ ಹೆಬ್ಬೆ, ಕೇಸವೆ ಮೊದಲಾದ ಹಳ್ಳಿಗಳಿದ್ದುವು. ಅಲ್ಲಿನ ಸಾಗುವಳಿಯು ಮಲೆನಾಡಿನ ಕಷ್ಟಗಳ ಜೊತೆಗೆ ಕಾಡಿನ ಕಷ್ಟವನ್ನೂ ಹೊತ್ತುಕೊಂಡಿದ್ದಿತು. ೨೦೦೩ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಮೇರೆಗೆ, ಒಂದೊಂದು ಕುಟುಂಬವು ವರ್ಷಕ್ಕೆ ತನ್ನ ಧಾನ್ಯದಲ್ಲಿ ನೂರಕ್ಕೆ ಸುಮಾರು ಹನ್ನೊಂದು ಪಾಲನ್ನು ಆನೆಗಳಿಗೂ, ದನಗಳಲ್ಲಿ ನೂರಕ್ಕೆ ಹನ್ನೆರಡು ಪಾಲನ್ನು ಹುಲಿ ಚಿರತೆಗಳಿಗೂ ಕಳೆದುಕೊಳ್ಳುತ್ತಿದ್ದಿತು. ಕೌಟಿಲ್ಯನು ಹೇಳದ ತೆರಿಗೆಯಿದು! ಸ್ಥಳಾಂತರದ ಮಾತು ಕಾಲು ಶತಮಾನದವರೆಗೆ ನಡೆದು, ಕೊನೆಗೆ ೨೦೦೧–೨೦೦೨ರಲ್ಲಿ ನಾನೂರಕ್ಕೂ ಹೆಚ್ಚು ಕುಟುಂಬಗಳು ಕಾಡನ್ನು ಬಿಟ್ಟು ಹೊರಬಂದವು. ಕೆಲವರು ಕಾಫಿ ತೋಟಗಳ ನಡುವಣ ಕೆಳಗೂರಿಗೂ, ಬಹುಮಂದಿ ಲಕ್ಕವಳ್ಳಿಯ ಸಮೀಪದ ಎಂ.ಸಿ. ಹಳ್ಳಿಗೂ ಹೋದರು. ಎಂ.ಸಿ. ಹಳ್ಳಿಯಲ್ಲಿ ಅವರಿಗೆ ದೊರೆತುದು ನೀರಾವರಿಯ ಬಯಲುಭೂಮಿ.

ಈ ದೇಶದಲ್ಲಿ ಅಭಯಾರಣ್ಯಗಳಿಂದ ಜನರನ್ನು ಎಬ್ಬಿಸಿದ ಪ್ರಸಂಗಗಳು ಬಹುತೇಕ ದುಃಖದಲ್ಲಿಯೇ ಮುಗಿದಿವೆ. ಭದ್ರಾ ಪ್ರಸಂಗವನ್ನು ಮಾತ್ರ ಪರಿಶೀಲಕರು ಸಫಲವಾದುದೆಂದು ಎತ್ತಿ ಹೇಳಿದ್ದಾರೆ. ಅದಕ್ಕೆ ಅಧಿಕಾರಿಗಳ ಪ್ರಾಮಾಣಿಕತೆಯೂ, ಜೊತೆಗೆ ನಿಂತ ಸಂಘಸಂಸ್ಥೆಗಳ ಶ್ರಮವೂ ಕಾರಣವಾದರೂ, ಮೂಲಕಾರಣವು ಭೂಮಿಯ ಗುಣವೆಂದೇ ತೋರುತ್ತದೆ. ಒಣ ಬಂಜರನ್ನು ತೋರಿಸಿ ಹೋಗಿರೆಂದರೆ ಯಾರು ಹೋದಾರು? ಕಾಲುವೆಯ ನೀರೂ ನಿರ್ಮಲವಾದ ಬಿಸಿಲೂ ಇರುವ ಹೊಲದಲ್ಲಿ ಎರಡು ಬೆಳೆಯಾಗುತ್ತದೆ, ರಾತ್ರಿಯ ಕಾವಲಿಲ್ಲ, ಶಾಲೆಯೂ ಆಸ್ಪತ್ರೆಯೂ ಹತ್ತಿರ. ಆದರೆ ಬಂದವರು ಕಲಿಯಬೇಕಾದುದೂ ಇದ್ದಿತು. ಮಲೆನಾಡಿನವನು ಹೆಚ್ಚಾದ ನೀರನ್ನು ಹೊರಹಾಕುವುದರಲ್ಲಿ ನಿಪುಣ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಬರುವ ನೀರನ್ನು ಕಾದು ಹಿಡಿದುಕೊಳ್ಳುವುದು ಅವನಿಗೆ ಹೊಸ ವಿದ್ಯೆ. ಸೊಪ್ಪು ದರಗು ಸೌದೆಗಳು ಕಾಡಿನಲ್ಲಿ ಕೈಗೆ ಸಿಕ್ಕುತ್ತಿದ್ದುವು. ಬಯಲಿನಲ್ಲಿ ಎಲ್ಲಕ್ಕೂ ಹಣ ಬೇಕು. ಊರದೇವತೆಯ ಸ್ಥಾನವು ಕಾಡಿನಲ್ಲಿಯೇ ಉಳಿದಿದೆ. ಅರ್ಧ ಶತಮಾನದ ಹಿಂದೆ ಅದೇ ನದಿಯ ಹಿನ್ನೀರಿಗೆ ಗದ್ದೆಯನ್ನು ಬಿಟ್ಟುಕೊಟ್ಟವರಿಗೆ ಇಂತಹ ಭೂಮಿಯು ಬದಲಾಗಿ ದೊರೆತಿದ್ದರೆ ಈ ಪ್ರಾಂತದ ಚರಿತ್ರೆಯನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತಿತ್ತು.

ಗದ್ದೆಯು ಹೋದ ಮೇಲೆ ನರಸಿಂಹರಾಜಪುರ, ಕೊಪ್ಪಗಳವರು ನೆಚ್ಚಿದುದು ಅಡಕೆಯನ್ನೂ ಕಾಫಿಯನ್ನೂ. ಕಾಫಿಯ ಎಲೆರೋಗದ ಪರಿಶೀಲನೆಗಾಗಿ ೧೯೧೫ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಕೇಂದ್ರವೊಂದು ಏರ್ಪಟ್ಟು, ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಪ್ರಯೋಗಶಾಲೆಯು ಸ್ಥಾಪಿತವಾಯಿತು. ಅದು ಇಂದಿಗೂ ದೇಶದ ಮುಖ್ಯ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ. ಅಡಕೆಯ ಕೊಳೆರೋಗವನ್ನು ಕುರಿತು ಮೈಸೂರು ಸರ್ಕಾರದ ಲೆಸ್ಲಿ ಕೋಲ್ಮನ್‌ರವರು ೧೯೧೦ರಲ್ಲಿ ಗ್ರಂಥವನ್ನು ಬರೆದು, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಇವರೇ ಮುಂದೆ ಸಂಸ್ಥಾನದ ವ್ಯವಸಾಯ ಇಲಾಖೆಯ ಮೊದಲ ಡೈರೆಕ್ಟರಾಗಿ, ೧೯೩೩ರ ಮಂಡ್ಯದ ಸಕ್ಕರೆ ಕಾರ್ಖಾನೆಗೂ ಕಾರಣಕರ್ತರಾದರು. ಮಳೆಯ ಸೀಮೆಯ ರೋಗಕ್ಕೂ ಕಾಲುವೆಯ ಸೀಮೆಯ ಬೆಳೆಗೂ ಒಬ್ಬರೇ ವೈದ್ಯರು. ಕೊಳೆರೋಗವು ಎಡೆಬಿಡದ ಮಳೆಯ ಫಲ. ಮದ್ದು ಒಣಗುವಷ್ಟೂ ಹೊಳವಿಲ್ಲದ ವರ್ಷಗಳಲ್ಲಿ ಮರವೇರಿದವನ ಶ್ರಮವೆಲ್ಲ ತೊಳೆದುಹೋಗುತ್ತದೆ. ಶೃಂಗೇರಿ ಕೊಪ್ಪಗಳ ಕಡೆ ಹಳದಿ ಎಲೆಯ ರೋಗವೂ ಹರಡಿ ಎಷ್ಟೋ ತೋಟಗಳು ಬರಿದಾಗಿವೆ.

ಈ ಅಡಕೆಯೂ ಈಗ ನೀರಿನ ಹಿಂದೆಯೇ ಬಯಲಿಗೆ ಇಳಿದಿದೆ. ಚನ್ನಗಿರಿ, ದಾವಣಗೆರೆಗಳ ಅಚ್ಚುಕಟ್ಟಿನಲ್ಲಿ ಬತ್ತದ ಗದ್ದೆಗಳು ವರ್ಷವರ್ಷವೂ ಅಡಕೆಯ ತೋಟಗಳಾಗುತ್ತಿವೆ. ಅಲ್ಲಿ ಕೊಳೆಯ ಭಯವು ಅತ್ಯಲ್ಪ; ಬೇರಿಗೆ ಕಾಲುವೆಯ ನೀರು, ತಲೆಗೆ ಬಿಸಿಲು. ಕಣಿವೆಯ ನೆರಳಿನ ಮರವೆಂದು ಶತಮಾನಗಳಿಂದ ನಂಬಿದ್ದ ಮರವು ಬಿಸಿಲಿನ ಬಯಲಿನಲ್ಲಿ ಗೊನೆ ತೂಗುತ್ತಿರುವುದನ್ನು ನೋಡಿ ಮಲೆನಾಡಿನವರು ಬೆರಗಾಗುತ್ತಾರೆ. ಆ ಮರಕ್ಕೆ ಹರಿಯುವ ನೀರು ತಮ್ಮ ಮುತ್ತಜ್ಜಂದಿರ ಬೈಲುಗದ್ದೆಯ ಮೇಲೆ ನಿಂತು ಹೋದ ನೀರೆಂಬುದನ್ನು ಅವರಲ್ಲಿ ಕೆಲವರು ಬಲ್ಲರು.

ನೀರಿನ ಪೂರ್ವಾಭಿಮುಖವಾದ ಪ್ರಯಾಣವು ಇನ್ನೂ ಮುಗಿದಿಲ್ಲ. ಚಿತ್ರದುರ್ಗ ತುಮಕೂರುಗಳ ಒಣಸೀಮೆಗಾಗಿ ಹಮ್ಮಿಕೊಂಡ 'ಭದ್ರಾ ಮೇಲ್ದಂಡೆ' ಯೋಜನೆಯಲ್ಲಿ ತುಂಗೆಯಿಂದ ೧೭.೪ ಟಿ.ಎಂ.ಸಿ. ನೀರನ್ನು ಎತ್ತಿ ಭದ್ರೆಗೆ ತಂದು, ಅದಕ್ಕೆ ಭದ್ರೆಯ ೧೨.೫ ಟಿ.ಎಂ.ಸಿ.ಯನ್ನು ಸೇರಿಸಿ, ಅಜ್ಜಂಪುರದ ಬಳಿ ಸುರಂಗದ ಮೂಲಕ ಸಾಗಿಸುವುದೆಂದು ಗೊತ್ತುಮಾಡಲಾಗಿದೆ. ತುಂಗೆಯ ನೀರನ್ನು ಎತ್ತುವ ಸ್ಥಳವು ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪ. ಈ ಸಲ ಗದ್ದೆಯಲ್ಲಿ ನೀರನ್ನು ನಿಲ್ಲಿಸುವ ಮಾತಿಲ್ಲ. ಕೊಳವೆಗಳಿಂದ ಗಿಡದ ಬುಡಕ್ಕೆ ಹನಿಹನಿಯಾಗಿ ಕೊಟ್ಟು, ಅಷ್ಟೇ ನೀರಿನಿಂದ ಎರಡೂಕಾಲು ಲಕ್ಷ ಹೆಕ್ಟೇರುಗಳನ್ನು ನೆನೆಯಿಸುವ ಉದ್ದೇಶವಿದೆ.